ಭೂವಿಜ್ಞಾನಿಗಳ ಜೊತೆ ಕೆಲಸ ಮಾಡಿ ಬಂದ ಮೇಲೆ "ವೈಜ್ಞಾನಿಕ ವಿಧಾನ"ವನ್ನು ಹೇಗೆ ಕಲಿಸುವುದು?

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಶಿಕ್ಷಕರನ್ನು ಸಂಶೋಧನಾ ತಂಡಗಳ ಜೊತೆ ಕೆಲವು ವಾರ ಕೆಲಸಕ್ಕೆ ಕಳಿಸುವ ಯೋಜನೆಯೊಂದರಲ್ಲಿ ನನಗೆ ಭೂವಿಜ್ಞಾನದ ತಂಡ ಸಿಕ್ಕಿತ್ತು. ರಜೆಯಲ್ಲಿ ಹೋಗಿ ಬಂದೆ. ಕಲ್ಲುಗಳ ಬಗ್ಗೆ ಕಲಿತದ್ದು ಬೇಕಾದಷ್ಟಿದೆ. ಆದರೆ ಇಲ್ಲಿ ಕೇಳಬೇಕೆಂದಿರುವುದು ಬೇರೆ. ವಿಜ್ಞಾನಿಗಳು ಕೆಲಸ ಮಾಡುವ ರೀತಿಯನ್ನು ಹತ್ತಿರದಿಂದ ಕಂಡ ಮೇಲೆ, ಸಮಸ್ಯೆ, ಊಹೆ, ಪ್ರಯೋಗ, ವೀಕ್ಷಣೆ, ತೀರ್ಮಾನ ಎಂದು ನಾವು ಕರಿಹಲಗೆಯ ಮೇಲೆ ಬರೆಯುವ ಪಟ್ಟಿಯನ್ನು ಹಾಗೇ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಆ ತಂಡದಲ್ಲಿ ಯಾರೂ ಆ ಕ್ರಮದಲ್ಲಿ ಕೆಲಸ ಮಾಡುತ್ತಿರಲಿಲ್ಲ.

ಒಂದು ಉದಾಹರಣೆ. ಮರಳುಗಲ್ಲು ಮತ್ತು ಜೇಡಿಶಿಲೆಯ ಪದರಗಳ ನಡುವೆ ಕಪ್ಪು ಬಸಾಲ್ಟಿನ ಒಂದು ಹಾಸು ಕಂಡಿತು. ಎರಡು ಸಾಧ್ಯತೆ. ಕೆಳಗಿನ ಪದರ ಕೂತ ಮೇಲೆ ಲಾವಾ ಹರಿದು ತಣ್ಣಗಾಗಿ, ಆಮೇಲೆ ಅದರ ಮೇಲೆ ಇನ್ನೊಂದು ಪದರ ಬಿದ್ದಿರಬಹುದು. ಇಲ್ಲವೇ ಎರಡೂ ಪದರಗಳು ಮೊದಲೇ ಇದ್ದು, ಎಷ್ಟೋ ಕಾಲದ ನಂತರ ಶಿಲಾಪಾಕ (ನೆಲದೊಳಗಿನ ಕರಗಿದ ಕಲ್ಲು) ನಡುವೆ ನುಗ್ಗಿ ಗಟ್ಟಿಯಾಗಿರಬಹುದು. ಎರಡನೆಯದನ್ನು ಸಿಲ್ ಎನ್ನುತ್ತಾರೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಎರಡು ಕಥೆಗಳ ಕಾಲಕ್ರಮವೇ ಬೇರೆ.

ಮುಖ್ಯಸ್ಥರು ಉತ್ತರ ಹೇಳುತ್ತಾರೆಂದು ನಾನು ಕಾದೆ. ಅವರು ಹೇಳಲಿಲ್ಲ. "ಲಾವಾ ಆಗಿದ್ದರೆ ಇಲ್ಲಿ ಏನು ಕಾಣಬೇಕು? ಸಿಲ್ ಆಗಿದ್ದರೆ ಏನು ಕಾಣಬೇಕು?" ಎಂದು ಎಲ್ಲರನ್ನೂ ಕೇಳಿದರು. ಲಾವಾ ಆದರೆ ಕೆಳಗಿನ ಪದರ ಮಾತ್ರ ಬೆಂದಿರಬೇಕು. ಹಾಸಿನ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳ ತೂತುಗಳಿರಬಹುದು, ಅದು ಹವೆಗೆ ಸವೆದಿರಬಹುದು, ಮೇಲಿನ ಮರಳುಗಲ್ಲಿನಲ್ಲಿ ಬಸಾಲ್ಟಿನ ಚೂರುಗಳು ಸಿಗಬಹುದು. ಸಿಲ್ ಆದರೆ ಮೇಲಿನ ಪದರವೂ ಬೆಂದಿರಬೇಕು. ಬೇಗ ತಣ್ಣಗಾದ್ದರಿಂದ ಎರಡೂ ಅಂಚುಗಳಲ್ಲಿ ಹರಳುಗಳು ನಡುವಿನದಕ್ಕಿಂತ ಸಣ್ಣಗಿರಬೇಕು, ಮೇಲಿನ ಪದರದ ತುಂಡುಗಳು ಬಸಾಲ್ಟಿನೊಳಗೆ ಸಿಕ್ಕಿಕೊಂಡಿರಲೂಬಹುದು. ಇಷ್ಟು ಮಾತಾಡಿದ ಮೇಲೆ ಎಲ್ಲರೂ ಹ್ಯಾಂಡ್ ಲೆನ್ಸ್ ಹಿಡಿದು ಮೇಲಂಚಿಗೆ ಹೋದರು. ಅಂಚಿನ ಬಹುಪಾಲು ಮಣ್ಣು ಮುಚ್ಚಿತ್ತು. ಕಂಡಷ್ಟರಲ್ಲಿ ಸಿಲ್ ಕಡೆಗೆ ಒಲವು ಬಂತು. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದು, ಯಾವುದಕ್ಕೆ ಯಾವ ಸಾಕ್ಷ್ಯ ಇನ್ನೂ ಸಿಗಬೇಕು ಎಂದು ಗುರುತು ಹಾಕಿಕೊಂಡು ಮುಂದೆ ಹೊರಟರು. ಯಾರಿಗೂ ಬೇಸರವಾದಂತೆ ಕಾಣಲಿಲ್ಲ!

ಅಲ್ಲಿ ಪ್ರಯೋಗ ಎಲ್ಲಿತ್ತು? ಊಹೆ ಮೊದಲೋ ವೀಕ್ಷಣೆ ಮೊದಲೋ? ಆದರೆ ಅದಕ್ಕಿಂತ ಶುದ್ಧವಾದ ವೈಜ್ಞಾನಿಕ ಚಿಂತನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದನ್ನು ತರಗತಿಗೆ ತರುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಭೂವಿಜ್ಞಾನ ಸಂಶೋಧನಾ ವಿದ್ಯಾರ್ಥಿ

ಮೇಡಂ, ನಮ್ಮ ಕೆಲಸವನ್ನು ಇಷ್ಟು ಸರಿಯಾಗಿ ಗಮನಿಸಿ ಬರೆದಿದ್ದೀರಿ, ಓದಿ ತುಂಬಾ ಸಂತೋಷವಾಯಿತು. ನೀವು ನೋಡಿದ್ದಕ್ಕೆ ಹಳೆಯ ಹಿನ್ನೆಲೆ ಇದೆ. ಅಮೆರಿಕದ ಭೂವಿಜ್ಞಾನಿ ಟಿ. ಸಿ. ಚೇಂಬರ್ಲಿನ್ 1890ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದರು. ಒಂದೇ ಊಹೆಯನ್ನು ಇಟ್ಟುಕೊಂಡು ಹೊರಟರೆ ಸಂಶೋಧಕನಿಗೆ ಅದರ ಮೇಲೆ ಮಮತೆ ಬೆಳೆಯುತ್ತದೆ, ಆಮೇಲೆ ಅದಕ್ಕೆ ಒಗ್ಗುವ ಸಾಕ್ಷ್ಯ ಮಾತ್ರ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಮೊದಲಿನಿಂದಲೇ ಹಲವು ಊಹೆಗಳನ್ನು ಒಟ್ಟಿಗೆ ಇಟ್ಟುಕೊಂಡು ನಡೆಯಬೇಕು ಎನ್ನುವುದು ಅವರ ವಾದ. ನಮ್ಮಲ್ಲಿ ಇದನ್ನು ಮೊದಲ ವರ್ಷದಲ್ಲೇ ಓದಿಸುತ್ತಾರೆ.

ಇನ್ನೊಂದು ವಿಷಯ, ನೋಟ್‌ಬುಕ್ಕು. ನಮ್ಮ ಗುಂಪಿನಲ್ಲಿ ಕಂಡದ್ದು ಒಂದು ಕಡೆ, ಅದರ ಅರ್ಥ ಇನ್ನೊಂದು ಕಡೆ. "ಕೆಂಪು ಕಂದು ಬಣ್ಣ, ಕಣಗಳು ಸುಮಾರು 1 ಮಿ.ಮೀ., ದುಂಡಗಿವೆ, ಒಂದೇ ಗಾತ್ರದವು, ಪದರಗಳು ಓರೆಯಾಗಿವೆ" ಎನ್ನುವುದು ಕಂಡದ್ದು. "ಹರಿಯುವ ನೀರಿನಲ್ಲಿ ಅಥವಾ ಗಾಳಿಯಲ್ಲಿ ಕೂಡಿದ ಮರಳು" ಎನ್ನುವುದು ಅರ್ಥ. ಎರಡು ವರ್ಷದ ನಂತರ ಅರ್ಥ ಬದಲಾಗಬಹುದು. ಆಗ ಕಂಡದ್ದು ಶುದ್ಧವಾಗಿ ಉಳಿದಿರಬೇಕು, ಇಲ್ಲವಾದರೆ ಮತ್ತೆ ಅದೇ ಬಂಡೆಯ ಹತ್ತಿರ ಹೋಗಬೇಕಾಗುತ್ತದೆ. ಸ್ಥಳ, ದಿನಾಂಕ, ಸ್ಟ್ರೈಕ್, ಡಿಪ್ (ಪದರ ಯಾವ ದಿಕ್ಕಿಗೆ ಚಾಚಿದೆ, ಎಷ್ಟು ವಾಲಿದೆ ಎನ್ನುವ ಅಳತೆಗಳು), ಮಾದರಿಯ ಸಂಖ್ಯೆ, ಅಳತೆಗೆ ಏನನ್ನಾದರೂ ಪಕ್ಕದಲ್ಲಿಟ್ಟು ತೆಗೆದ ಫೋಟೋ, ಇವೆಲ್ಲ ಇದ್ದೇ ಇರುತ್ತವೆ. ಆದರೂ ಫೋಟೋ ಇದೆಯೆಂದು ಚಿತ್ರ ಬಿಡಿಸುವುದನ್ನು ನಾವು ಬಿಡುವುದಿಲ್ಲ. ಕೈಯಿಂದ ಗೆರೆ ಎಳೆಯುವಾಗ ಈ ಪದರ ಎಲ್ಲಿ ನಿಂತಿತು ಎಂದು ನೋಡಲೇಬೇಕಾಗುತ್ತದೆ.

ಭೌತಶಾಸ್ತ್ರ ಶಿಕ್ಷಕ

ಮೇಡಂ, ನಿಮ್ಮ ಉತ್ಸಾಹಕ್ಕೆ ಗೌರವವಿದೆ, ಆದರೂ ಎರಡು ಆಕ್ಷೇಪಗಳಿವೆ.

ಒಂದು, ಭೂವಿಜ್ಞಾನ ಇತಿಹಾಸದಂತಹ ವಿಷಯ. ನಡೆದುಹೋದದ್ದನ್ನು ಮತ್ತೆ ನಡೆಸಿ ನೋಡಲು ಬರುವುದಿಲ್ಲ. ಭೌತಶಾಸ್ತ್ರದಲ್ಲಿ ಲೋಲಕವನ್ನು ಎಷ್ಟು ಸಲ ಬೇಕಾದರೂ ತೂಗಿಸಬಹುದು. ಭೂವಿಜ್ಞಾನಿಗಳ ಅನಿವಾರ್ಯತೆಯನ್ನು ಎಲ್ಲ ವಿಜ್ಞಾನದ ಸ್ವಭಾವ ಎಂದು ಹೇಳಿಕೊಟ್ಟರೆ ಸರಿಯಾದೀತೇ?

ಎರಡನೆಯದು ನನಗೆ ಹೆಚ್ಚು ಚಿಂತೆಯ ವಿಷಯ. "ವಿಜ್ಞಾನಿಗಳಿಗೂ ಖಚಿತವಿಲ್ಲ, ಎರಡೂ ಇರಬಹುದು" ಎಂದು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಹೇಳಿದರೆ, ಹಾಗಾದರೆ ಎಲ್ಲವೂ ಬರೀ ಅಭಿಪ್ರಾಯ, ಯಾರು ಏನು ಹೇಳಿದರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ಸುಳ್ಳು ಸುದ್ದಿ ಇಷ್ಟು ಹರಿದಾಡುವ ಕಾಲದಲ್ಲಿ ಇದು ಅಪಾಯ. ಪರೀಕ್ಷೆ, ಅವಧಿಯ ಸಮಯ ಇವೆಲ್ಲ ಇದ್ದೇ ಇವೆ, ಅವನ್ನು ನಾನು ಎತ್ತುವುದಿಲ್ಲ.

ನಿವೃತ್ತ ಭೂವಿಜ್ಞಾನಿ

ಮೊದಲ ಆಕ್ಷೇಪಕ್ಕೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ ಸರ್.

ಭೂಮಿಯ ವಯಸ್ಸಿನ ಜಗಳ ನಿಮಗೆ ಗೊತ್ತೇ ಇದೆ. 1862ರಲ್ಲಿ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್, ಕಾದಿದ್ದ ಭೂಮಿ ತಣ್ಣಗಾಗಲು ಎಷ್ಟು ಕಾಲ ಬೇಕೆಂದು ಶಾಖದ ವಹನದ ಲೆಕ್ಕ ಹಾಕಿ, ಭೂಮಿ 2 ಕೋಟಿಯಿಂದ 40 ಕೋಟಿ ವರ್ಷಗಳ ಹಿಂದೆ ಯಾವಾಗಲೋ ಗಟ್ಟಿಯಾಯಿತು ಎಂದರು. ಆಮೇಲೆ ಇನ್ನೂ ಕಡಿಮೆ ಮಾಡಿದರು. ಪದರಗಳನ್ನು ನೋಡುತ್ತಿದ್ದ ಭೂವಿಜ್ಞಾನಿಗಳಿಗೆ ಆ ಕಾಲ ಸಾಲದು ಎನ್ನಿಸಿತ್ತು, ಆದರೆ ಗಣಿತದ ಮುಂದೆ ಅವರ ಮಾತಿಗೆ ತೂಕ ಇರಲಿಲ್ಲ. 1895ರಲ್ಲಿ ಕೆಲ್ವಿನ್ನರ ಬಳಿಯೇ ಹಿಂದೆ ಸಹಾಯಕರಾಗಿದ್ದ ಜಾನ್ ಪೆರಿ, ಗಣಿತ ಸರಿಯಿದೆ, ಅದರ ಕೆಳಗಿರುವ ಊಹೆ ಸರಿಯೇ ಎಂದು ಕೇಳಿದರು. ಭೂಮಿಯ ಒಳಭಾಗದಲ್ಲಿ ಶಾಖ ಹೊರಪದರಕ್ಕಿಂತ ಸಲೀಸಾಗಿ ಸಾಗುತ್ತಿದ್ದರೆ ವಯಸ್ಸು ಎಷ್ಟೋ ಪಟ್ಟು ಹೆಚ್ಚಾಗುತ್ತದೆ ಎಂದು ತೋರಿಸಿದರು. ಅಂದರೆ ಭೌತಶಾಸ್ತ್ರದಲ್ಲೂ ಊಹೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ನೋಡುವ ಕೆಲಸ ಇದ್ದೇ ಇದೆ. ಮರುಪ್ರಯೋಗ ಸುಲಭವಿರುವ ಕಡೆ ಅದು ಕಣ್ಣಿಗೆ ಬೀಳುವುದು ಕಡಿಮೆ, ಅಷ್ಟೆ.

ಇನ್ನು ಶಿಕ್ಷಕರೆಲ್ಲ ತಿಳಿಯಬೇಕಾದ ಒಬ್ಬರಿದ್ದಾರೆ, ಜೆ ಹಾರ್ಲನ್ ಬ್ರೆಟ್ಸ್. ಸಿಯಾಟಲ್‌ನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದವರು. ಸುತ್ತಲಿನ ನೆಲದ ಮೇಲಿನ ಕುತೂಹಲದಿಂದಲೇ ಭೂವಿಜ್ಞಾನಕ್ಕೆ ಬಂದು, ಚೇಂಬರ್ಲಿನ್ ಕಟ್ಟಿ ಬೆಳೆಸಿದ್ದ ಶಿಕಾಗೋ ವಿಶ್ವವಿದ್ಯಾಲಯದ ವಿಭಾಗದಲ್ಲಿ 1913ರಲ್ಲಿ ಪಿಎಚ್‌.ಡಿ. ಪಡೆದರು. ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ಬಸಾಲ್ಟನ್ನು ಕೊರೆದ ದೈತ್ಯ ಕಾಲುವೆಗಳು, ಒಣಗಿದ ಜಲಪಾತಗಳು, ಇವನ್ನೆಲ್ಲ ನಡೆದು ನೋಡಿ ನಕ್ಷೆ ಮಾಡಿದರು. 1923ರಲ್ಲಿ, ಇದು ಸಾಮಾನ್ಯ ನದಿಗಳ ನಿಧಾನದ ಕೆಲಸವಲ್ಲ, ಭಾರೀ ಪ್ರವಾಹವೊಂದರ ಕೆಲಸ ಎಂದು ಬರೆದರು. 1927ರಲ್ಲಿ ವಾಷಿಂಗ್ಟನ್ ನಗರದ ಸಭೆಯೊಂದರಲ್ಲಿ ಹಿರಿಯರೆಲ್ಲ ಅದನ್ನು ಖಂಡಿಸಿದರು. ಹಾಗೆ ಖಂಡಿಸಿದ ಬಹಳ ಮಂದಿ ಆ ನೆಲವನ್ನು ನೋಡಿರಲೇ ಇಲ್ಲ. ಆದರೆ ಅವರ ಒಂದು ಪ್ರಶ್ನೆ ನ್ಯಾಯವಾದದ್ದು: ಅಷ್ಟು ನೀರು ಬಂದದ್ದು ಎಲ್ಲಿಂದ? ಬ್ರೆಟ್ಸ್ ಹತ್ತಿರ ಆಗ ಗಟ್ಟಿ ಉತ್ತರ ಇರಲಿಲ್ಲ.

ಉತ್ತರ ಇದ್ದದ್ದು ಜೋಸೆಫ್ ಪಾರ್ಡಿ ಅವರ ಕೆಲಸದಲ್ಲಿ. ಮೊಂಟಾನಾದಲ್ಲಿ ಹಿಮನದಿಯೊಂದು ಅಣೆಕಟ್ಟಾಗಿ ನಿಂತು ದೊಡ್ಡ ಸರೋವರ ಆಗಿತ್ತೆಂದು ಅವರು 1910ರಲ್ಲೇ ಬರೆದಿದ್ದರು. ಆ ಸರೋವರ ಹಠಾತ್ತನೆ ಬರಿದಾದದ್ದಕ್ಕೆ ಸಾಕ್ಷಿಯಾಗಿ ಅದರ ತಳದಲ್ಲಿ ಉಳಿದ ಬೃಹತ್ ಅಲೆಗುರುತುಗಳನ್ನು 1942ರಲ್ಲಿ ವಿವರಿಸಿದರು. ಹೊಳೆಯ ಮರಳಿನಲ್ಲಿ ಅಂಗುಲದ ಎತ್ತರಕ್ಕೆ ಮೂಡುವ ಅಲೆಗುರುತು ಅಲ್ಲಿ ಹಲವು ಮೀಟರ್ ಎತ್ತರದ ದಿಬ್ಬಗಳಾಗಿ ನಿಂತಿದೆ. 1979ರಲ್ಲಿ ಬ್ರೆಟ್ಸ್ ಅವರಿಗೆ ಅಮೆರಿಕದ ಭೂವಿಜ್ಞಾನ ಸಂಘದ ದೊಡ್ಡ ಗೌರವವಾದ ಪೆನ್ರೋಸ್ ಪದಕ ಬಂದಾಗ ವಯಸ್ಸು 96.

ಈ ಕಥೆಯನ್ನು ಒಬ್ಬನೇ ವೀರನ ಗೆಲುವು ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎದುರಾಳಿಗಳ ಪ್ರಶ್ನೆ ಸರಿಯಿತ್ತು, ಇನ್ನೊಬ್ಬರು ಬೇರೆ ಕಾರಣಕ್ಕೆ ಮಾಡಿದ್ದ ಕೆಲಸದಿಂದ ಉತ್ತರ ಬಂತು. ವಿಜ್ಞಾನ ಬಹುತೇಕ ಹೀಗೆಯೇ ನಡೆಯುತ್ತದೆ.

ಪ್ರಯೋಗಾಲಯ ತಂತ್ರಜ್ಞೆ

ಭೌತಶಾಸ್ತ್ರದ ಸರ್ ಅವರ ಎರಡನೆಯ ಆಕ್ಷೇಪಕ್ಕೆ ನಾನು ಬರೆಯುತ್ತೇನೆ. ನನ್ನ ದಿನವೆಲ್ಲ ಕಳೆಯುವುದು ಅದರಲ್ಲೇ.

ಖಚಿತವಿಲ್ಲ ಎನ್ನುವುದಕ್ಕೂ ಏನು ಬೇಕಾದರೂ ಇರಬಹುದು ಎನ್ನುವುದಕ್ಕೂ ನಡುವೆ ಬಹಳ ದೂರ ಇದೆ. ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕಾಶಿಲೆಗಳ ಸೀಸದ ಐಸೊಟೋಪುಗಳಿಂದ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಿಂದ) ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದರು, ಹೆಚ್ಚು ಕಡಿಮೆ 7 ಕೋಟಿ ಎಂದೂ ಜೊತೆಗೇ ಹೇಳಿದರು. ಆ 7 ಕೋಟಿ ನಮ್ಮ ಅಜ್ಞಾನದ ಅಳತೆ. ವಯಸ್ಸು 450 ಕೋಟಿಯೋ 460 ಕೋಟಿಯೋ ಎಂದು ವಾದಿಸಬಹುದು, 6 ಸಾವಿರ ವರ್ಷ ಎನ್ನಲು ಅಲ್ಲಿ ಜಾಗ ಇಲ್ಲ. ಈಗ ಹೇಳುವ 454 ಕೋಟಿಯೂ ಅವರು ಕೊಟ್ಟ ಮಿತಿಯೊಳಗೇ ಇದೆ. ಮಕ್ಕಳಿಗೆ ಈ "ಹೆಚ್ಚು ಕಡಿಮೆ"ಯನ್ನು ಓದಲು ಕಲಿಸಿದರೆ ನಿಮ್ಮ ಭಯಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಪ್ಯಾಟರ್ಸನ್ ಅವರ ಕೆಲಸದಲ್ಲಿ ನನಗೆ ಇಷ್ಟವಾದದ್ದು ಬೇರೆ. ಅಳತೆ ಮಾಡಲು ಕೂತರೆ ಮಾದರಿಯಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಸೀಸ ಬರುತ್ತಿತ್ತು. ಗಾಳಿ, ನೀರು, ಪಾತ್ರೆ, ಕೂದಲು, ಎಲ್ಲದರಿಂದಲೂ ಸೀಸ ಬೆರೆಯುತ್ತಿತ್ತು. ವರ್ಷಗಟ್ಟಲೆ ಪ್ರಯೋಗಾಲಯವನ್ನು ಶುಚಿಗೊಳಿಸಿದ ಮೇಲೆ ಅಳತೆ ಸಾಧ್ಯವಾಯಿತು. ಆ ಕಿರಿಕಿರಿಯಿಂದಲೇ ಪೆಟ್ರೋಲಿನ ಸೀಸ ಜಗತ್ತನ್ನೆಲ್ಲ ಹೇಗೆ ಮಲಿನ ಮಾಡುತ್ತಿದೆ ಎನ್ನುವ ಅವರ ಮುಂದಿನ ಕೆಲಸ ಹುಟ್ಟಿತು. ನಾವೂ ಇಂದು ಪ್ರತಿ ಸರಣಿಯಲ್ಲಿ ಮಾದರಿಯೇ ಹಾಕದ ಒಂದು ಖಾಲಿ ಅಳತೆ, ಉತ್ತರ ಮೊದಲೇ ಗೊತ್ತಿರುವ ಒಂದು ಪ್ರಮಾಣಿತ ಮಾದರಿ ಸೇರಿಸುತ್ತೇವೆ. ಖಾಲಿ ಅಳತೆಯಲ್ಲಿ ಏನಾದರೂ ಬಂದರೆ ಆ ದಿನದ ಎಲ್ಲ ಸಂಖ್ಯೆಗಳ ಮೇಲೂ ಅನುಮಾನ.

ಇನ್ನೊಂದು ಸಣ್ಣ ವಿಷಯ. ಸೂಕ್ಷ್ಮದರ್ಶಕದಲ್ಲಿ ನೋಡಲು ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ ಇಳಿಸುತ್ತೇವೆ, ಥಿನ್ ಸೆಕ್ಷನ್ ಎನ್ನುತ್ತಾರೆ. ಸರಿಯಾದ ದಪ್ಪ ಬಂತೆಂದು ತಿಳಿಯುವುದು ಹೇಗೆ? ಧ್ರುವೀಕರಣ ಸೂಕ್ಷ್ಮದರ್ಶಕದಲ್ಲಿ ಇಡುತ್ತೇವೆ. ಬೆಣಚಿನ ಹರಳು ಹಳದಿಯಾಗಿ ಕಂಡರೆ ಇನ್ನೂ ದಪ್ಪ, ಬೂದು ಅಥವಾ ಬಿಳಿಗೆ ತಿರುಗಿದರೆ ಸಾಕು. ಕಲ್ಲೇ ತನ್ನ ದಪ್ಪ ಹೇಳುತ್ತದೆ. ನೋಡಲು ಬರುವ ಶಿಕ್ಷಕರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ

ಇಷ್ಟು ಒಳ್ಳೆಯ ಉತ್ತರಗಳು ಬರುತ್ತವೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಖಾಲಿ ಅಳತೆಯ ಮಾತು ಓದಿದಾಗ ನೆನಪಾಯಿತು: ನಾನಿದ್ದ ತಂಡದಲ್ಲಿ ಒಬ್ಬ ಸಂಶೋಧಕಿ ಒಂದಿಡೀ ಸರಣಿಯ ಫಲಿತಾಂಶವನ್ನು ಬದಿಗಿಟ್ಟರು, ಪ್ರಮಾಣಿತ ಮಾದರಿಯ ಸಂಖ್ಯೆ ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ. ಅವರ ಊಹೆಗೆ ಆ ಸರಣಿ ಅನುಕೂಲವಾಗಿಯೇ ಇತ್ತು! ಆ ಪ್ರಾಮಾಣಿಕತೆಗೆ ನಮ್ಮ ಪ್ರಯೋಗ ಪುಸ್ತಕದಲ್ಲಿ ಒಂದು ಕಾಲಂ ಕೂಡ ಇಲ್ಲ ಎನ್ನುವುದು ನನಗೆ ನೋವಿನ ವಿಷಯ. ಉತ್ತರ "ಸರಿ" ಬರದಿದ್ದರೆ ಮಕ್ಕಳು ಪಕ್ಕದವರದನ್ನು ನೋಡಿ ತಿದ್ದುತ್ತಾರೆ. ಅದಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ, ಅಂಕ ಇರುವುದು ಉತ್ತರಕ್ಕೆ ಮಾತ್ರ.

ಶಾಲೆ ಶುರುವಾದ ಮೇಲೆ ಒಂದು ತರಗತಿಯಲ್ಲಿ ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆಸಿ, ಎಡಕ್ಕೆ ಕಂಡದ್ದು, ಬಲಕ್ಕೆ ಅರ್ಥ ಎಂದು ಬರೆಸಿದೆ. ಗುಂಪಿಗೊಂದು ಕಲ್ಲು. ಹೆಸರು ಹೇಳಲಿಲ್ಲ. ಒಬ್ಬ ಹುಡುಗ ಎಡಗಡೆ "ನದಿಯ ಕಲ್ಲು" ಎಂದು ಬರೆದ. ಪಕ್ಕದ ಹುಡುಗಿ, "ನದಿ ನಿನಗೆ ಕಾಣಿಸುತ್ತಿದೆಯಾ? ನುಣುಪು ಕಾಣಿಸುತ್ತಿದೆ ಅಷ್ಟೆ" ಎಂದಳು. ಮುಂದಿನ ವಾದವನ್ನೆಲ್ಲ ಮಕ್ಕಳೇ ನಡೆಸಿದರು. ನುಣುಪಾಗಲು ನೀರೇ ಬೇಕೇ, ಗಾಳಿ ಸಾಲದೇ, ಯಂತ್ರದಲ್ಲಿ ಉಜ್ಜಿರಬಹುದಲ್ಲ ಎಂದು ಬಲಗಡೆಯ ಪಟ್ಟಿ ಬೆಳೆಯಿತು. ಆದರೆ ಕೊನೆಯಲ್ಲಿ ಎಲ್ಲ ಗುಂಪುಗಳೂ ಕೇಳಿದ್ದು ಒಂದೇ, "ಮಿಸ್, ಸರಿ ಉತ್ತರ ಯಾವುದು?" ಅಲ್ಲಿಂದ ಮುಂದೆ ಹೇಗೆ ಕರೆದೊಯ್ಯುವುದು ಎಂದು ಯೋಚಿಸುತ್ತಿದ್ದೇನೆ.

ಭೂವಿಜ್ಞಾನ ಸಂಶೋಧನಾ ವಿದ್ಯಾರ್ಥಿ

ಆ ಹುಡುಗಿಗೆ ನನ್ನ ನಮಸ್ಕಾರ ಹೇಳಿ ಮೇಡಂ.

ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಪಟ್ಟಿ ಮಾಡಿ, ಒಂದೊಂದೇ ಹೊಡೆದುಹಾಕಿ, ಉಳಿದದ್ದೇ ಉತ್ತರ ಎಂದು ಮಕ್ಕಳು ತಿಳಿಯಬಾರದು. ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆಯ ಬದಿಗಳಲ್ಲಿ ಒಂದರ ಮೇಲೊಂದು ಸಮಾನಾಂತರವಾಗಿ ಮೆಟ್ಟಿಲುಗಳಿವೆ, ಹಳೆಯ ನೀರಿನ ದಡಗಳು. ಡಾರ್ವಿನ್ 1839ರಲ್ಲಿ ಅವು ಸಮುದ್ರದ ದಡಗಳೆಂದು ಬರೆದರು. ದಕ್ಷಿಣ ಅಮೆರಿಕದಲ್ಲಿ ಮೇಲೆದ್ದ ಸಮುದ್ರತೀರಗಳನ್ನು ಅವರು ಕಂಡು ಬಂದಿದ್ದರು. ಸರೋವರವಾಗಿರಲಾರದು, ಏಕೆಂದರೆ ಕಣಿವೆಯ ಬಾಯಿಗೆ ಅಡ್ಡವಾಗಿ ನಿಂತಿದ್ದ ಒಡ್ಡು ಎಲ್ಲೂ ಕಾಣುವುದಿಲ್ಲ ಎನ್ನುವುದು ಅವರ ತರ್ಕ. ಮರುವರ್ಷವೇ ಹಿಮನದಿಗಳ ಅಧ್ಯಯನ ಮಾಡುತ್ತಿದ್ದ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ ಬಂದು, ಒಡ್ಡು ಹಿಮನದಿಯದಾಗಿತ್ತು, ಕರಗಿಹೋಯಿತು ಎಂದರು. ಡಾರ್ವಿನ್ ಅದನ್ನು ಒಪ್ಪಲು 1861ರ ತನಕ ಕಾಲ ಹಿಡಿಯಿತು. ಅವರ ಪಟ್ಟಿಯಲ್ಲಿ ಮಂಜುಗಡ್ಡೆಯೇ ಇರಲಿಲ್ಲ! ಆದ್ದರಿಂದ ಬಲಗಡೆಯ ಪಟ್ಟಿಯ ಕೆಳಗೆ ನಾವು ಯೋಚಿಸದ ಇನ್ನೊಂದಕ್ಕೆ ಒಂದು ಖಾಲಿ ಸಾಲು ಬಿಡಿಸಿ.

"ಸರಿ ಉತ್ತರ ಯಾವುದು" ಎಂದರೆ, "ಯಾವುದು ಸದ್ಯಕ್ಕೆ ಮುಂದಿದೆ, ಯಾಕೆ, ಏನು ಸಿಕ್ಕರೆ ಹಿಂದೆ ಬೀಳುತ್ತದೆ" ಎಂದು ತಿರುಗಿ ಕೇಳಿ. ನನ್ನ ಮಾರ್ಗದರ್ಶಕರು ಪ್ರತಿ ಸಭೆಯಲ್ಲಿ ನನ್ನನ್ನು ಕೇಳುವುದು ಇದನ್ನೇ.

ಕಿರಿಯ ಪ್ರಾಥಮಿಕ ಶಿಕ್ಷಕಿ

ನಾನು ಚಿಕ್ಕ ಮಕ್ಕಳಿಗೆ ಕಲಿಸುವವಳು, ಮುಂದಿನ ರಜೆಗೆ ಇಂತಹದೇ ಅವಕಾಶಕ್ಕೆ ಅರ್ಜಿ ಹಾಕಿದ್ದೇನೆ. ಭೂವಿಜ್ಞಾನ ಓದಿಲ್ಲ. ಏನು ತಯಾರಿ ಮಾಡಿಕೊಳ್ಳಲಿ? ಅಲ್ಲಿ ನನ್ನಿಂದ ಅವರ ಕೆಲಸಕ್ಕೆ ತೊಂದರೆ ಆಗುತ್ತದೇನೋ ಎಂಬ ಅಳುಕಿದೆ.

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ

ಅಳುಕು ಬೇಡ, ಧೈರ್ಯವಾಗಿ ಹೋಗಿ. ಅಗ್ನಿಶಿಲೆ, ಪದರಶಿಲೆ, ರೂಪಾಂತರ ಶಿಲೆ ಹೇಗೆ ಆಗುತ್ತವೆ ಎನ್ನುವಷ್ಟು ಓದಿಕೊಂಡರೆ ಶುರುವಿಗೆ ಸಾಕು. ಸುಮ್ಮನೆ ನೋಡುತ್ತಾ ನಿಲ್ಲುವ ಬದಲು ಒಂದು ನಿಜವಾದ ಕೆಲಸ ಕೇಳಿ ತೆಗೆದುಕೊಳ್ಳಿ. ಮಾದರಿಗಳಿಗೆ ಸಂಖ್ಯೆ ಬರೆದು ಪಟ್ಟಿ ಮಾಡುವುದು ನನ್ನ ಪಾಲಿಗೆ ಬಂತು. ಚೀಲದ ಮೇಲಿನ ಸಂಖ್ಯೆ, ನೋಟ್‌ಬುಕ್ಕಿನ ಸಂಖ್ಯೆ, ನಕ್ಷೆಯ ಮೇಲಿನ ಚುಕ್ಕೆ ಮೂರೂ ಹೊಂದದಿದ್ದರೆ ಆ ಕಲ್ಲಿಗೆ ಬೆಲೆಯೇ ಇಲ್ಲ ಎನ್ನುವುದು ಅಲ್ಲಿ ಅರ್ಥವಾಯಿತು. ಅವರ ವಾರದ ಸಭೆಯನ್ನು ಮಾತ್ರ ಬಿಡಬೇಡಿ. ಹಿರಿಯರು ತಮ್ಮ ವಿದ್ಯಾರ್ಥಿಯಿಂದ "ಸರ್, ಈ ಗ್ರಾಫ್ ಅದನ್ನು ತೋರಿಸುತ್ತಿಲ್ಲ" ಎಂದು ಹೇಳಿಸಿಕೊಂಡು, ತಲೆಯಾಡಿಸಿ ಬರೆದುಕೊಳ್ಳುವುದನ್ನು ಪ್ರತಿಯೊಬ್ಬ ಶಿಕ್ಷಕರೂ ಒಮ್ಮೆಯಾದರೂ ನೋಡಬೇಕು. "ಇದು ನಿಮಗೆ ಹೇಗೆ ಗೊತ್ತು?" ಎಂದು ಸಂಕೋಚವಿಲ್ಲದೆ ಕೇಳಿ, ಅಲ್ಲಿ ಯಾರೂ ಅದನ್ನು ಉದ್ಧಟತನ ಎಂದುಕೊಳ್ಳುವುದಿಲ್ಲ.

ನಿವೃತ್ತ ಭೂವಿಜ್ಞಾನಿ

ಚಿಕ್ಕ ಮಕ್ಕಳಿಗೆ ಕಾಂಗ್ಲೊಮರೇಟ್ ಒಳ್ಳೆಯದು ಮೇಡಂ, ಉರುಟು ಕಲ್ಲುಗಳು ಮರಳಿನಲ್ಲಿ ಅಂಟಿಕೊಂಡು ಗಟ್ಟಿಯಾದ ಶಿಲೆ. ಒಂದೇ ಪ್ರಶ್ನೆ ಕೇಳಿ: ಒಳಗಿನ ಉರುಟು ಕಲ್ಲು ಮೊದಲು ಹುಟ್ಟಿತೋ, ಈ ದೊಡ್ಡ ಕಲ್ಲೋ? ಚಕ್ಕುಲಿಯ ಮೇಲಿನ ಎಳ್ಳು ಚಕ್ಕುಲಿಗಿಂತ ಮೊದಲೇ ಇತ್ತಲ್ಲ ಎಂದರೆ ಅವರಿಗೆ ಹೊಳೆಯುತ್ತದೆ. ಆಮೇಲೆ ಉರುಟು ಕಲ್ಲಿನೊಳಗೆ ಒಂದು ಬಿಳಿ ಬೆಣಚಿನ ಗೆರೆ ಕಂಡು, ಅದು ಆ ಕಲ್ಲಿನ ಅಂಚಿಗೇ ನಿಂತಿದ್ದರೆ, ಆ ಗೆರೆ ಯಾವಾಗಿನದು ಎಂದು ಕೇಳಿ. ಆರು ಏಳು ವರ್ಷದ ಮಕ್ಕಳು ಮೂರು ಘಟನೆಗಳನ್ನು ಕ್ರಮವಾಗಿ ಜೋಡಿಸುವುದನ್ನು ನಾನು ಕಂಡಿದ್ದೇನೆ. ಸುತ್ತಿಗೆ ಮಕ್ಕಳ ಕೈಗೆ ಕೊಡಬೇಡಿ. ನೀವು ಒಡೆಯುವಾಗಲೂ ರಕ್ಷಣಾ ಕನ್ನಡಕ ಹಾಕಿಕೊಳ್ಳಿ, ಚಕ್ಕೆ ಕಣ್ಣಿಗೆ ಸಿಡಿಯುತ್ತದೆ.

ಭೌತಶಾಸ್ತ್ರ ಶಿಕ್ಷಕ

ಎಲ್ಲವನ್ನೂ ಎರಡು ಸಲ ಓದಿದೆ. ಪೆರಿ ಅವರ ವಿಷಯ ನನಗೆ ಹೊಸದು. ಮೊದಲ ಆಕ್ಷೇಪವನ್ನು ಬಿಡುತ್ತೇನೆ. ಎರಡನೆಯದನ್ನು ಪೂರ್ತಿ ಬಿಡಲಾರೆ. "ಹೆಚ್ಚು ಕಡಿಮೆ"ಯನ್ನು ಓದಲು ಬರುವ ಮೊದಲೇ ಅನಿಶ್ಚಿತತೆಯ ಮಾತಾಡಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ ಎಂದೇ ನನ್ನ ಅನಿಸಿಕೆ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ. ಮುಂದಿನ ವಾರ ಲೋಲಕದ ಪಾಠ ಇದೆ. ಎಲ್ಲ ಗುಂಪುಗಳ ಅಳತೆಗಳನ್ನೂ ಯಾವುದನ್ನೂ ತಿದ್ದದೆ ಬೋರ್ಡಿನ ಮೇಲೆ ಬರೆಸಿ, ಇಷ್ಟು ವ್ಯತ್ಯಾಸ ಯಾಕೆ ಬಂತು ಎಂದು ಅವರನ್ನೇ ಕೇಳಬೇಕೆಂದಿದ್ದೇನೆ. ತಂತ್ರಜ್ಞೆ ಮೇಡಂ, ಏನಾದರೂ ಸಲಹೆ ಇದೆಯೇ?

ಪ್ರಯೋಗಾಲಯ ತಂತ್ರಜ್ಞೆ

ಇದೆ ಸರ್. ಮೊದಲು ಒಂದೇ ಒಂದು ಆಂದೋಲನದ ಕಾಲ ಅಳೆಯಿಸಿ. 1 ಮೀಟರ್ ಉದ್ದದ ಲೋಲಕಕ್ಕೆ ಸುಮಾರು 2 ಸೆಕೆಂಡು ಬರಬೇಕು. ಆದರೆ ಗಡಿಯಾರ ಒತ್ತುವುದರಲ್ಲಿ 0.2 ಸೆಕೆಂಡಿನಷ್ಟು ಆಚೀಚೆ ಆಗುವುದರಿಂದ ಬೋರ್ಡಿನ ಮೇಲೆ 1.8ರಿಂದ 2.2ರ ತನಕ ಚೆಲ್ಲಾಪಿಲ್ಲಿ ಸಂಖ್ಯೆಗಳು ಬರುತ್ತವೆ. ಯಾರದು ಸರಿ ಎಂದು ಅವರು ಜಗಳವಾಡಲಿ. ಆಮೇಲೆ, ಇದೇ ಗಡಿಯಾರ, ಇದೇ ಬೆರಳು ಇಟ್ಟುಕೊಂಡು ಚೆನ್ನಾಗಿ ಅಳೆಯುವುದು ಹೇಗೆ ಎಂದು ಕೇಳಿ. 20 ಆಂದೋಲನ ಎಣಿಸಿ ಭಾಗಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೇ 0.2 ಸೆಕೆಂಡು ಈಗ 40 ಸೆಕೆಂಡಿನಲ್ಲಿ ಹಂಚಿಹೋಗುತ್ತದೆ, ಸಂಖ್ಯೆಗಳು ಹತ್ತಿರ ಬರುತ್ತವೆ. ಎರಡೂ ಸಾಲುಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಉಳಿಸಿ, ಮೊದಲನೆಯದನ್ನು ಒರೆಸಬೇಡಿ. ಒಂದು ಗುಂಪಿನದು ಆಗಲೂ ದೂರವೇ ಉಳಿದರೆ ಅವರ ದಾರದ ಉದ್ದ ಅಳೆದು ನೋಡಿ. ಗುಂಡಿನ ನಡುವಿನ ತನಕ ಅಳೆಯುವ ಬದಲು ಗಂಟಿನ ತನಕ ಅಳೆದಿರುತ್ತಾರೆ.